ಟಬ್ಬಿನ ಬದಿಗೆ ಯಾವ ಪ್ಯಾನೆಲ್?

ಕದ್ರಿಯಿಂದ ಪ್ರಶ್ನೆ: ಹಳೆ ಫ್ಲ್ಯಾಟ್, ಇಕ್ಕಟ್ಟು ಬಾತ್‌ರೂಮು. ಅತ್ತೆಯವರ ಸೊಂಟನೋವಿಗೆ ಟಬ್ ಬೇಕೇ ಬೇಕು. ಅದರ ಬದಿ ಪೂರಾ ತೆರೆದೇ ಉಂಟು. ಕಮೋಡ್ ಅಡ್ಡ, ಗೋಡೆಯೂ ಓರೆ. ರೆಡಿಮೇಡ್ ಪ್ಯಾನೆಲ್ ಕೂರುವುದಿಲ್ಲ. ಬಡಗಿ ಪ್ಲೈವುಡ್ ಅಂತಾರೆ. ಹಾಕಿಸಲಾ?

ಉತ್ತರ: ಪ್ಲೈವುಡ್ಡಾ? ನಮ್ಮ ಮಳೆಗಾಲಕ್ಕಾ ಮಾರಾಯ್ರೇ! ಪಿವಿಸಿ ಫೋಮ್ ಬೋರ್ಡ್ (ನೀರು ಹೀರದ ಪ್ಲಾಸ್ಟಿಕ್ ಹಲಗೆ) ಹಾಕಿಸಿ. ಮೊದಲು ರಟ್ಟನ್ನು ಗೋಡೆಗೆ ತಾಗಿಸಿ ಓರೆ ಗುರುತು ಮಾಡಿ ಕತ್ತರಿಸಿ, ಅದನ್ನಿಟ್ಟೇ ಬೋರ್ಡ್ ಕೊಯ್ಯಲಿ. ನೆಲಕ್ಕೆ ಇಳಿಜಾರು ಇರ್ತದೆ, ಎರಡೂ ತುದಿಯಲ್ಲಿ ಎತ್ತರ ಅಳೆಯಿರಿ.

ಇನ್ನೊಬ್ಬರು, ಮಲ್ಪೆ: ಟಬ್ಬಿನಡಿ ಟ್ರ್ಯಾಪ್ (ನೀರು ಹೋಗುವ ಪೈಪಿನ ಬಾಗಿದ ಭಾಗ) ಇರುವಲ್ಲಿ ತೆಗೆಯುವ ಹಾಗೆ ಸಣ್ಣ ಬಾಗಿಲು ಬಿಡಿ. ಸ್ಕ್ರೂ ಸ್ಟೈನ್‌ಲೆಸ್‌ದೇ ಆಗಬೇಕು, ಕಡಲ ಗಾಳಿ ಬೇರೇನನ್ನೂ ಬಿಡುವುದಿಲ್ಲ. ಗೋಡೆ ಸಂದಿಗೆ ಸಿಲಿಕೋನ್ ಹಚ್ಚುವಾಗ ಟಬ್ಬಲ್ಲಿ ನೀರು ತುಂಬಿರಲಿ. ಭಾರಕ್ಕೆ ಅದು ತುಸು ಕೆಳಗಿಳಿಯುತ್ತದೆ.

ಕದ್ರಿ: ಬಡಗಿಗೆ ಹೇಳಿದೆ, ಮುಖ ಸಿಂಡರಿಸಿದ್ರು. ಬೋರ್ಡ್ ದಪ್ಪ ಎಷ್ಟು?

ಉತ್ತರ: 18 ಮಿಮೀ. ತೆಳ್ಳಗಿನದ್ದು ಬಾಗ್ತದೆ.