ಸಹಾಯ ಬೇಕು: ಬಿಳಾಮನ ಕತ್ತೆಯ ಪಾಠ ಮಕ್ಕಳಿಗೆ ಹೇಗೆ ಹೇಳಲಿ?

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು. ಪುಣೆಯ ಪಿಂಪ್ರಿಯಲ್ಲಿ ನಮ್ಮ ಕನ್ನಡ ಸಭೆಯ ಸಂಡೇ ಸ್ಕೂಲ್ ಮಕ್ಕಳಿಗೆ ಬೈಬಲಿನ ಅರಣ್ಯಕಾಂಡ 22ನೇ ಅಧ್ಯಾಯ ಹೇಳಬೇಕು. ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಓದುವುದು ಮಾತ್ರ ಮರಾಠಿ ಇಲ್ಲವೇ ಇಂಗ್ಲಿಷ್.

ಬಿಳಾಮ ಎಂಬ ಪ್ರವಾದಿ ಕತ್ತೆ ಮೇಲೆ ಹೋಗುತ್ತಿದ್ದಾಗ, ದಾರಿಯಲ್ಲಿ ಕತ್ತಿ ಹಿಡಿದು ನಿಂತ ದೇವದೂತನನ್ನು ಕತ್ತೆ ಮೊದಲು ನೋಡಿತು, ಬಿಳಾಮನಿಗೆ ಕಾಣಲಿಲ್ಲ. ಅದು ಹೊಲಕ್ಕೆ ತಿರುಗಿತು, ಗೋಡೆಗೆ ಒತ್ತಿಕೊಂಡಿತು, ಕೊನೆಗೆ ಮಲಗಿಬಿಟ್ಟಿತು. ಮೂರು ಸಲವೂ ಬಿಳಾಮನಿಂದ ಏಟು ತಿಂದಿತು. ಅದು ಹಾಗೆ ತಿರುಗದಿದ್ದರೆ ದೂತ ಬಿಳಾಮನನ್ನು ಕೊಂದುಬಿಡುತ್ತಿದ್ದ. ಬಾಯಿ ಬಂದಾಗ ಅದು ಬೈಯಲಿಲ್ಲ, 'ನಾನು ಹಿಂದೆ ಎಂದಾದರೂ ಹೀಗೆ ಮಾಡಿದ್ದೆನಾ' ಎಂದು ಕೇಳಿತು, ಅಷ್ಟೇ. ನನಗೆ ಇದೇ ದೊಡ್ಡ ಪಾಠ. ಪ್ರಾಣ ಉಳಿಸಿದವರನ್ನೇ ನಾವು ಹೊಡೆಯುತ್ತೇವೆ, ಅಲ್ವಾ? ಆದರೆ ಮಕ್ಕಳು ಮಾತಾಡುವ ಕತ್ತೆಯ ಹತ್ತಿರವೇ ನಿಂತುಬಿಡುತ್ತಾರೆ.

ಈ ಪಾಠ ಮಾಡಿದವರು ಹೇಗೆ ಮುಂದಕ್ಕೆ ಒಯ್ದಿರಿ, ದಯವಿಟ್ಟು ಹೇಳಿ. ಸುಲಭ ಕನ್ನಡದ ಚಿಕ್ಕ ನಾಟಕ ಇದ್ದರೆ ಕಳಿಸಿ. ಮತ್ತಾಯ 21ರಲ್ಲಿ ಯೇಸು ಕತ್ತೆ ಮೇಲೆ ಬಂದದ್ದನ್ನು ಇದೇ ದಿನ ಸೇರಿಸಿದರೆ ಜಾಸ್ತಿ ಆಗುತ್ತದಾ?

ಇನ್ನೊಂದು, ಪುಷ್ಯ ಹುಣ್ಣಿಮೆಗೆ ಪುಣೆ ಹತ್ತಿರದ ಜೇಜುರಿಯಲ್ಲಿ ಕತ್ತೆಗಳ ಸಂತೆ ನಡೆಯುತ್ತದೆ. ಅಲ್ಲಿ ತೆಗೆದ ಫೋಟೋ ಯಾರ ಹತ್ತಿರವಾದರೂ ಇದ್ದರೆ ಹಾಕಿ. ಇಲ್ಲಿನ ಕೆಲವು ಮಕ್ಕಳು ಕತ್ತೆಯನ್ನು ಹತ್ತಿರದಿಂದ ನೋಡೇ ಇಲ್ಲ.