‘ಗ್ರಿಪ್ ಸ್ಟ್ರೆಂಗ್ತ್’ಗೆ ಕನ್ನಡದಲ್ಲಿ ಏನನ್ನೋಣ? ಬೋರ್ಡು ನಾಳೆ ಬರೆಸಬೇಕು

ಶಿವಮೊಗ್ಗದಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ಜಿಮ್ಮಿನಲ್ಲಿ ತೂಕ ಎತ್ತುವ ಹುಡುಗರಿಗೆ ಈಗ ಗ್ರಿಪ್ಪಿಗೇ ಬೇರೆ ಅಭ್ಯಾಸ ಸೇರಿಸಿದ್ದೇವೆ. ಡೆಡ್‌ಲಿಫ್ಟಿನಲ್ಲಿ, ಅಂದರೆ ತೂಕದ ಕಂಬಿಯನ್ನು ನೆಲದಿಂದ ಎತ್ತಿ ನಿಲ್ಲುವಾಗ, ಸೊಂಟ, ಕಾಲು ಇನ್ನೂ ಗಟ್ಟಿ ಇರುತ್ತವೆ, ಬೆರಳು ಮೊದಲು ಸೋಲುತ್ತವೆ. ಸ್ಪರ್ಧೆಯಲ್ಲಂತೂ ಕೈಯನ್ನು ಕಂಬಿಗೆ ಬಿಗಿಯುವ ಸ್ಟ್ರಾಪ್ ಕಟ್ಟಲು ಬಿಡುವುದಿಲ್ಲ. ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾರೆ. ತಲೆಬರಹಕ್ಕೆ ‘ಹಿಡಿತಬಲ’ ಅಂದುಕೊಂಡಿದ್ದೇನೆ. ಒಳಗೆ ಮೂರು ಬಗೆ: ಸ್ಪ್ರಿಂಗ್ ಗ್ರಿಪ್ಪರ್ ಹಿಂಡುವುದು, ತೂಕದ ಎರಡು ಪ್ಲೇಟು ಜೋಡಿಸಿ ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ ಇಟ್ಟು ಎತ್ತುವುದು, ಕಂಬಿಗೆ ಜೋತುಬೀಳುವುದು. ಇವಕ್ಕೂ ಹೆಸರು ಬೇಕು. ಡೆಡ್‌ಲಿಫ್ಟ್, ಪ್ಲೇಟ್, ಹುಕ್ ಗ್ರಿಪ್ ಬೋರ್ಡಿನಲ್ಲಿ ಹಾಗೇ ಇರಲಿ.

ಸಾಗರದಿಂದ:
> ‘ಹಿಡಿತಬಲ’
ಕನ್ನಡದ ‘ಹಿಡಿತ’ಕ್ಕೆ ಸಂಸ್ಕೃತದ ‘ಬಲ’ ಜೋಡಿಸಿದರೆ ಅರಿಸಮಾಸ. ಆಗುವುದಿಲ್ಲ. ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜ ಇದಕ್ಕೆ ಬಿರುದಾವಳಿಯಲ್ಲಿ, ಹಿಂದಿನ ಕವಿಗಳ ಬಳಕೆಯಲ್ಲಿ ಜಾಗ ಕೊಟ್ಟಿದ್ದಾನೆ. ಹೊಸದಾಗಿ ಕಟ್ಟಲು ಅಲ್ಲ. ‘ಮುಷ್ಟಿಬಲ’ ಬರೆಸಿ.

ತೀರ್ಥಹಳ್ಳಿಯಿಂದ:
ಮೇಷ್ಟ್ರೇ, ‘ಬಲ’ ಸಂಸ್ಕೃತದ್ದೇ ಅಂತ ಇಷ್ಟು ಸುಲಭಕ್ಕೆ ಬರೆದುಕೊಡಬೇಡಿ. ಬಲು, ಬಲ್ಲಿದ, ಬಲ್ಮೆ ಎಲ್ಲಿಂದ ಬಂದವು? ತಮಿಳಿನ ‘ವಲಿಮೈ’ ನೋಡಿ. ಆ ಬೇರು ನಮ್ಮದು. ‘ಮುಷ್ಟಿಬಲ’ ಅರ್ಥದಲ್ಲೇ ತಪ್ಪು. ಮುಷ್ಟಿ ಅಂದರೆ ಮಡಚಿದ ಕೈ, ಗುದ್ದುವವನಿಗೆ ಸರಿ. ಪ್ಲೇಟು ಹಿಡಿಯುವಾಗ ಬೆರಳು ನೆಟ್ಟಗಿರುತ್ತವೆ, ಅಂಗೈ ಮುಚ್ಚುವುದೇ ಇಲ್ಲ.

ಹೊಸನಗರದಿಂದ:
ನಾಳೆ ಬೆಳಿಗ್ಗೆ ಬೋರ್ಡು ಬರೆಸಬೇಕಾದವರಿಗೆ ಬೇರು ತಗೊಂಡು ಏನಾಗಬೇಕು? ನಮ್ಮಲ್ಲಿ ‘ಕಸುವು’ ಇದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮಿಶ್ರಣ ಹೊಡೆಯಲು ಅಡಿಕೆ ಮರ ಹತ್ತುವವರನ್ನು ನೋಡಿ. ಮರ ಪಾಚಿ ಕಟ್ಟಿ ಜಾರುತ್ತಿರುತ್ತದೆ. ಒಂದು ಕೈ ಮರ ತಬ್ಬಿರುತ್ತದೆ, ಇನ್ನೊಂದರಲ್ಲಿ ಔಷಧಿ ಕೋಲು. ಅಂಥವರನ್ನು ‘ಕೈಯಲ್ಲಿ ಕಸುವಿರೋ ಆಳು’ ಅಂತೀವಿ. ‘ಹಿಡಿತದ ಕಸುವು’ ಬರೆಸಿ. ಬಿಡಿಸಿ ಬರೆದರೆ ಸಮಾಸದ ಜಗಳವೇ ಇಲ್ಲ. ಮೂರು ಬಗೆಗೆ ಹಿಂಡು ಹಿಡಿತ, ಇಕ್ಕಳ ಹಿಡಿತ, ಜೋತು ಹಿಡಿತ. ಮತ್ತೆ ಇದನ್ನು ಪಟ್ಟಿಯ ಕೊನೆಗೆ ಹಾಕಿಸಿ. ಮೊದಲೇ ಮಾಡಿಸಿದರೆ ಡೆಡ್‌ಲಿಫ್ಟಿನ ಹೊತ್ತಿಗೆ ಬೆರಳು ಸೋತಿರುತ್ತವೆ.

ಸಾಗರದಿಂದ:
‘ಕಸುವು’ ಒಪ್ಪಿದೆ. ಡೆಡ್‌ಲಿಫ್ಟ್, ಪ್ಲೇಟ್, ಹುಕ್ ಗ್ರಿಪ್ ಯಾಕೆ ಹಾಗೇ ಉಳಿದವು? ಅರ್ಧ ಕನ್ನಡದ ಬೋರ್ಡು ಯಾಕೆ?

ಶಿವಮೊಗ್ಗದಿಂದ:
‘ಹಿಡಿತದ ಕಸುವು’ ಖಾಯಂ ಮಾಡಿದೆ, ಹೊಸನಗರದವರಿಗೆ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ಹುಕ್ ಗ್ರಿಪ್ ಅಂದರೆ ಹೆಬ್ಬೆರಳನ್ನು ಕಂಬಿಗೆ ಒತ್ತಿ ಅದರ ಮೇಲೆ ಉಳಿದ ಬೆರಳು ಬಿಗಿಯುವುದು. ಹುಡುಗರು ಸ್ಪರ್ಧೆಗೆ ಹೋದರೆ ಅಲ್ಲಿ ಕೇಳುವುದು ಇದೇ ಹೆಸರು. ಎರವಲು ತಂದರೆ ತಪ್ಪೇನು? ‘ಕುಸ್ತಿ’ ಪಾರಸಿಯದು. ಗರಡಿಯವರು ಬಿಟ್ಟಿದ್ದಾರಾ?

ಸಾಗರದಿಂದ:
‘ಕುಸ್ತಿ’ ಬರುವ ಮುಂಚೆ ‘ಮಲ್ಲಗಾಳಗ’ ಇತ್ತು. ಈಗ ಯಾವ ಜಾತ್ರೆಯ ಪೋಸ್ಟರಿನಲ್ಲಿದೆ, ಹೇಳಿ. ನಾನು ಹೇಳುತ್ತಿರುವುದೂ ಅದನ್ನೇ.