ಸಿಗರೇಟು ಬಿಟ್ಟು ಆರು ದಿನ ಆಯ್ತು, ಎಂಜಲು ಟೆಸ್ಟ್ ಬಗ್ಗೆ ಭಯ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷದಿಂದ ಸಿಗರೇಟು ಸೇದುತ್ತಿದ್ದೆ, ದಿನಕ್ಕೆ ಹದಿನೈದು. ದವಡೆ ಹಲ್ಲು ಅಲ್ಲಾಡುತ್ತಿದೆ ಅಂತ ಹಲ್ಲಿನ ಡಾಕ್ಟರ್ ಹತ್ತಿರ ಹೋದೆ. ಅವರು ಬೈಯಲಿಲ್ಲ. ಕೈಗೆ ಚಿಕ್ಕ ಮಷೀನ್ ಕೊಟ್ಟು, "ಹದಿನೈದು ಸೆಕೆಂಡ್ ಉಸಿರು ಹಿಡಿದು, ಆಮೇಲೆ ನಿಧಾನಕ್ಕೆ ಪೂರ್ತಿ ಊದಿ" ಅಂದರು. ಅಂಕಿ ಏರುತ್ತಾ ಹೋಗಿ 26ಕ್ಕೆ ನಿಂತಿತು. "ಸೇದದವರಿಗೆ ಸಾಮಾನ್ಯವಾಗಿ 6ರ ಒಳಗೆ ಇರುತ್ತದೆ" ಅಂದರು, ಅಷ್ಟೇ. ಆಮೇಲೆ ಕನ್ನಡಿ ಹಿಡಿದು ಅಂಗುಳು ತೋರಿಸಿದರು. ಬೆಳ್ಳಗೆ ದಪ್ಪಗಾಗಿದೆ, ನಡುನಡುವೆ ಕೆಂಪು ಚುಕ್ಕಿ. ನನ್ನ ಬಾಯೊಳಗೇ ಇದ್ದದ್ದು, ನಾನು ಒಮ್ಮೆಯೂ ನೋಡಿರಲಿಲ್ಲ.

ಅವತ್ತು ಸಂಜೆಯೇ ಬಿಟ್ಟೆ. ನಿಕೋಟಿನ್ ಚೂಯಿಂಗ್ ಗಮ್ ಜಗಿಯುತ್ತಿದ್ದೇನೆ. ಮುಂದಿನ ವಾರ ಎಂಜಲು ಟೆಸ್ಟ್ ಮಾಡುತ್ತಾರಂತೆ. ಗಮ್‌ನಿಂದ ಪಾಸಿಟಿವ್ ಬಂದರೆ ನಾನು ಸುಳ್ಳು ಹೇಳುತ್ತಿದ್ದೇನೆ ಅಂದುಕೊಳ್ಳುತ್ತಾರಾ? ಇನ್ನೊಂದು, ಸೇದುವಾಗ ಬರದ ರಕ್ತ ಈಗ ಹಲ್ಲುಜ್ಜುವಾಗ ಬರುತ್ತಿದೆ. ಬಿಟ್ಟು ತಪ್ಪು ಮಾಡಿದೆನಾ?

ಉತ್ತರ 1:
ನಾನೂ ಹಲ್ಲಿನ ಡಾಕ್ಟರ್. ದಯವಿಟ್ಟು ಹೆದರಿ ಮತ್ತೆ ಹಚ್ಚಬೇಡಿ.

ಮೊದಲು ರಕ್ತದ ವಿಷಯ. ನಿಕೋಟಿನ್ ಒಸಡಿನ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಹಾಗಾಗಿ ಒಳಗೆ ರೋಗ ಇದ್ದರೂ ರಕ್ತ ಕಾಣುವುದು ಕಡಿಮೆ. ಬಿಟ್ಟ ಮೇಲೆ ರಕ್ತದ ಓಡಾಟ ಸರಿಹೋಗುತ್ತದೆ, ಮುಚ್ಚಿದ್ದ ರೋಗ ಹೊರಗೆ ಕಾಣುತ್ತದೆ. ಹಲ್ಲುಜ್ಜುವುದನ್ನು ನಿಲ್ಲಿಸಬೇಡಿ, ಮೃದುವಾದ ಬ್ರಷ್ ಸಾಕು. ಕ್ಲೀನಿಂಗ್ ಮಾತ್ರ ಮುಂದೂಡಬೇಡಿ.

ಎಂಜಲಿನಲ್ಲಿ ನೋಡುವುದು ಕೋಟಿನಿನ್ ಅನ್ನು. ನಿಕೋಟಿನ್ ದೇಹದಲ್ಲಿ ಒಡೆದು ಆಗುವ ವಸ್ತು ಅದು. ಸಿಗರೇಟಿಂದ ಬಂದಿತೋ ಗಮ್‌ನಿಂದ ಬಂದಿತೋ ಅದಕ್ಕೆ ಗೊತ್ತಾಗುವುದಿಲ್ಲ. ಗಮ್ ಜಗಿಯುವವರಿಗೆ ಪಾಸಿಟಿವ್ ಬರುವುದು ಸಹಜ. ಹೋದ ತಕ್ಷಣ ಅವರಿಗೆ ಗಮ್ ವಿಷಯ ಹೇಳಿ, ಊದುವ ಟೆಸ್ಟನ್ನೇ ಮಾಡಿ ಅನ್ನಿ. ಅದು ಅಳೆಯುವುದು ಕಾರ್ಬನ್ ಮೊನಾಕ್ಸೈಡ್. ಅದು ಹೆಚ್ಚಾಗಿ ಸುಟ್ಟ ಹೊಗೆಯಿಂದ ಬರುತ್ತದೆ, ಗಮ್‌ನಲ್ಲಿ ಇಲ್ಲ. ನಾಲ್ಕೈದು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಈ ಟೆಸ್ಟ್ ಇರುವುದು ನಿಮ್ಮ ಕಳ್ಳತನ ಹಿಡಿಯಲು ಅಲ್ಲ. ಹಲ್ಲು ಉಳಿಯುತ್ತಾ ಅನ್ನೋದಕ್ಕೆ ಉತ್ತರ ಸಿಗಲು ತಿಂಗಳುಗಳು ಬೇಕು. ಈ ಅಂಕಿ ಎರಡೇ ದಿನದಲ್ಲಿ ಇಳಿಯುತ್ತದೆ. ಅಷ್ಟು ಬೇಗ ಕೈಗೆ ಸಿಗುವ ಫಲ ಬೇರೆ ಯಾವುದೂ ನನ್ನ ಹತ್ತಿರ ಇಲ್ಲ, ಅದಕ್ಕೇ ಊದಿಸುತ್ತೇನೆ.

ಅಲ್ಲಾಡುವ ಹಲ್ಲಿನ ಕಡೆ ಗಮ್ ಜಗಿಯಬೇಡಿ. ಕಷ್ಟವಾದರೆ ಚರ್ಮಕ್ಕೆ ಅಂಟಿಸುವ ಪ್ಯಾಚ್ ಇದೆ, ಕೇಳಿ ನೋಡಿ.

ಉತ್ತರ 2:
ಅಣ್ಣ, ನಾನು ಬಿಟ್ಟು ಮೂರು ವರ್ಷ. ಗಮ್ಮನ್ನು ಮಾಮೂಲಿ ಗಮ್ ಥರ ಒಂದೇ ಸಮನೆ ಜಗಿದರೆ ಬಿಕ್ಕಳಿಕೆ, ಎದೆಯುರಿ. ಖಾರ ಬರುವವರೆಗೆ ಜಗಿದು ಕೆನ್ನೆ ಸಂದಿಯಲ್ಲಿ ಇಟ್ಟುಕೊಳ್ಳಬೇಕು. ಖಾರ ಇಳಿದ ಮೇಲೆ ಮತ್ತೆ ಜಗಿಯಬೇಕು. ಕಾಫಿ ಕುಡಿದ ತಕ್ಷಣ ಹಾಕಿಕೊಂಡರೆ ನಿಕೋಟಿನ್ ಸರಿಯಾಗಿ ಹೀರುವುದಿಲ್ಲ, ಕಾಲು ಗಂಟೆ ಬಿಡಿ. ಎದ್ದು ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುತ್ತಿದ್ದರೆ 2 ಮಿಲಿಗ್ರಾಂ ಸಾಲದು, 4 ಬೇಕು. ನಾನು ಎರಡು ವಾರ ಸುಮ್ನೆ 2ರಲ್ಲೇ ಒದ್ದಾಡಿದೆ.

ಪ್ರಶ್ನೆ ಕೇಳಿದವರು, ಎಂಟು ದಿನದ ನಂತರ:
ಹೋಗಿ ಬಂದೆ. ಗಮ್ ವಿಷಯ ನಾನೇ ಮೊದಲು ಹೇಳಿದೆ. ಎಂಜಲು ಟೆಸ್ಟ್ ಬೇಡ ಅಂತ ಅವರೇ ಅಂದರು. ಊದುವಾಗ ಕೈ ನಡುಗುತ್ತಿತ್ತು. 3 ಬಂತು. ನನ್ನ ಕಾರ್ಡಿನಲ್ಲಿ 26ರ ಪಕ್ಕ ಬರೆದರು. ಒಂದು ಫೋಟೋ ತೆಗೆದುಕೊಂಡು ಹೆಂಡತಿಗೆ ಕಳಿಸಿದೆ. ಆ ಹಲ್ಲಿನ ಪಾಕೆಟ್ (ಹಲ್ಲಿಗೂ ಒಸಡಿಗೂ ನಡುವಿನ ಸಂದಿಯ ಆಳ) ಮಾತ್ರ ಇನ್ನೂ 6 ಮಿಲಿಮೀಟರ್ ಇದೆ, 3ರ ಒಳಗೆ ಇರಬೇಕಂತೆ. ಅವತ್ತೇ ಒಂದು ಕಡೆ ಕ್ಲೀನಿಂಗ್ ಮಾಡಿದರು. ಇನ್ನೊಂದು ಕಡೆ ಗುರುವಾರ.